ಹರಿದ ಪತ್ರ: ಮನಸ್ಸಾಕ್ಷಿಯ ರೂಪಣೆಯ ಕುರಿತು ಒಂದು ಚಾರಿತ್ರಿಕ ಚಿಂತನೆ

ಮಾರ್ಕ್ ಟ್ವೇನನ ‘ಹಕಲ್‌ಬೆರಿ ಫಿನ್’ ಕಾದಂಬರಿಯನ್ನು ಬಾಲಕರ ಸಾಹಸಕಥೆಯೆಂದು ಓದಿ ಬದಿಗಿಡುವುದು ರೂಢಿ. 1884ರ ಕೊನೆಯಲ್ಲಿ ಇಂಗ್ಲೆಂಡಿನಲ್ಲಿಯೂ ಮರುವರ್ಷ ಅಮೆರಿಕದಲ್ಲಿಯೂ ಪ್ರಕಟವಾದ ಈ ಕೃತಿಯ 31ನೆಯ ಅಧ್ಯಾಯವನ್ನಾದರೂ, ಪಾಪನಿವೇದನೆ ಕೇಳುವವರೂ ಮುಂದೆ ಕೇಳಲಿರುವವರೂ ತಪ್ಪದೆ ಓದಬೇಕೆಂಬುದು ನಮ್ಮ ಅಭಿಪ್ರಾಯ.

ಕುಡುಕ ತಂದೆಯಿಂದ ತಪ್ಪಿಸಿಕೊಂಡ ಹಕ್ ಎಂಬ ಬಾಲಕನೂ, ಒಡತಿ ಮಿಸ್ ವಾಟ್ಸನ್ ತನ್ನನ್ನು 800 ಡಾಲರಿಗೆ ನ್ಯೂ ಆರ್ಲಿಯನ್ಸ್ ಕಡೆಗೆ ಮಾರಲಿರುವಳೆಂದು ತಿಳಿದು ಓಡಿಬಂದ ಜಿಮ್ ಎಂಬ ಗುಲಾಮನೂ ಒಂದೇ ತೆಪ್ಪದಲ್ಲಿ ಮಿಸಿಸಿಪ್ಪಿ ನದಿಯ ಮೇಲೆ ಸಾಗುತ್ತಾರೆ. ಜೊತೆಗೂಡಿದ ವಂಚಕರು ಜಿಮ್‌ನನ್ನು 40 ಡಾಲರಿಗೆ ಹಿಡಿದುಕೊಟ್ಟಾಗ ಹಕ್‌ನ ಮನಸ್ಸಾಕ್ಷಿ ಅವನನ್ನು ಚುಚ್ಚತೊಡಗುತ್ತದೆ. ಅದು ಚುಚ್ಚುವುದು ಗೆಳೆಯನ ಸೆರೆಗಾಗಿ ಅಲ್ಲ; ತನಗೆ ಕೇಡು ಮಾಡದ ವೃದ್ಧೆಯ ‘ಸ್ವತ್ತ’ನ್ನು ಕದ್ದುದಕ್ಕಾಗಿ. ಪ್ರಾರ್ಥಿಸಲು ಮೊಣಕಾಲೂರುತ್ತಾನೆ, ಮಾತು ಹೊರಡದು. ಒಡತಿಗೆ ಸುಳಿವು ಕೊಡುವ ಪತ್ರ ಬರೆಯುತ್ತಾನೆ. ಪಾಪ ತೊಳೆದುಹೋದಂತೆ ಹಗುರಾಗುತ್ತಾನೆ. ಆಗ ಜಿಮ್ ನೆನಪಾಗುತ್ತಾನೆ: ತನ್ನನ್ನು ಎಬ್ಬಿಸದೆ ತನ್ನ ಸರದಿಯ ಕಾವಲನ್ನೂ ತಾನೇ ಕಾದವನು, ಮಂಜಿನಲ್ಲಿ ಕಳೆದುಹೋಗಿ ಮರಳಿದಾಗ ಹಿಗ್ಗಿದವನು. ನರಕಕ್ಕೇ ಹೋಗುವೆನೆಂದು ನಿಶ್ಚಯಿಸಿ ಹಕ್ ಪತ್ರವನ್ನು ಹರಿದುಹಾಕುತ್ತಾನೆ.

ಈ ಮನಸ್ಸಾಕ್ಷಿಯನ್ನು ರೂಪಿಸಿದವರು ಯಾರು? ಇಲ್ಲಿ ಕಾದಂಬರಿಯಿಂದ ಚರಿತ್ರೆಗೆ ಬರಬೇಕು. ಕಥೆಯ ಕಾಲ ಅದರ ಪ್ರಕಟಣೆಗಿಂತ ನಲವತ್ತೈವತ್ತು ವರ್ಷ ಹಿಂದಿನದು. 1835ರಲ್ಲಿ ಹುಟ್ಟಿದ ಟ್ವೇನ್ ಗುಲಾಮಗಿರಿ ಜಾರಿಯಲ್ಲಿದ್ದ ಮಿಸೌರಿ ರಾಜ್ಯದ ಹ್ಯಾನಿಬಲ್ ಪಟ್ಟಣದಲ್ಲಿ ಬೆಳೆದವನು. ಅದು ದೇವಸಮ್ಮತವೆಂದೇ ಊರಿನ ಪ್ರವಚನಪೀಠ ಬೋಧಿಸುತ್ತಿತ್ತೆಂದು ಅವನು ತನ್ನ ಆತ್ಮಕಥೆಯಲ್ಲಿ ಸ್ಮರಿಸಿದ್ದಾನೆ. 1793ರ ಕಾಯಿದೆ ಓಡಿಹೋದ ಗುಲಾಮನಿಗೆ ಆಶ್ರಯವಿತ್ತವರಿಗೆ 500 ಡಾಲರ್ ದಂಡ ವಿಧಿಸುತ್ತಿತ್ತು. ಇದೇ ಪ್ರಶ್ನೆಯ ಮೇಲೆ 1844ರಲ್ಲಿ ಮೆಥಡಿಸ್ಟರೂ 1845ರಲ್ಲಿ ಬ್ಯಾಪ್ಟಿಸ್ಟರೂ ಉತ್ತರ ದಕ್ಷಿಣವೆಂದು ಒಡೆದರು.

ಅನ್ಯರ ದೋಷವನ್ನೆಣಿಸಿ ನಾವು ತಪ್ಪಿಸಿಕೊಳ್ಳುವಂತಿಲ್ಲ. 1838ರಲ್ಲಿ ಮೇರಿಲ್ಯಾಂಡಿನ ಯೇಸುಸಭೆಯವರು ತಮ್ಮ ತೋಟಗಳ 272 ಗುಲಾಮರನ್ನು ಲೂಯಿಸಿಯಾನಕ್ಕೆ ಮಾರಲು ಒಪ್ಪಂದ ಮಾಡಿಕೊಂಡರು. ಜಿಮ್ ಯಾವ ಕೆಳನಾಡಿಗೆ ಹೆದರಿ ಓಡಿದನೋ ಆ ಕೆಳನಾಡಿಗೇ. ಕುಟುಂಬಗಳನ್ನು ಅಗಲಿಸಬಾರದೆಂಬ ರೋಮಿನ ಷರತ್ತು ಪಾಲನೆಯಾಗಲಿಲ್ಲ. 1839ರಲ್ಲಿ ಹದಿನಾರನೆಯ ಗ್ರೆಗೊರಿ ಜಗದ್ಗುರುಗಳು ಗುಲಾಮರ ವ್ಯಾಪಾರವನ್ನು ಖಂಡಿಸಿದರು. ಆದರೆ ಆ ಖಂಡನೆ ವಿದೇಶೀ ವ್ಯಾಪಾರಕ್ಕೆ ಮಾತ್ರ, ದೇಶದೊಳಗಿನ ಗುಲಾಮಗಿರಿಗೆ ಅಲ್ಲವೆಂದು ಚಾರ್ಲ್ಸ್‌ಟನ್ನಿನ ಧರ್ಮಾಧ್ಯಕ್ಷ ಜಾನ್ ಇಂಗ್ಲೆಂಡ್ ಪತ್ರಗಳ ಮಾಲೆಯನ್ನೇ ಬರೆದರು. ಅವರು ವಿದ್ವಾಂಸರು, ಕರಿಯ ಮಕ್ಕಳಿಗಾಗಿ ಶಾಲೆ ತೆರೆದವರು. ಅಂಥವರ ಕಣ್ಣಿಗೂ ಪೊರೆ ಬಂದಿತ್ತು.

ತಪ್ಪಿದ ಮನಸ್ಸಾಕ್ಷಿಯ ವಿರುದ್ಧ ನಡೆಯುವುದೂ ಪಾಪವೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಹಾಗಾದರೆ ಪತ್ರ ಹರಿದ ಹಕ್ ಪಾಪಿಯೇ? ಅವಸರದ ಉತ್ತರ ಬೇಡ. ತೋಮಸರ ಪ್ರಕಾರ ಮನಸ್ಸಾಕ್ಷಿಯೆಂದರೆ ಈ ಕ್ರಿಯೆ ಸರಿಯೋ ತಪ್ಪೋ ಎಂಬ ವಿವೇಕದ ತೀರ್ಪು. ಕಿವಿಯಲ್ಲಿ ಮೊಳಗುವ ಪರಿಚಿತ ದನಿಯಲ್ಲ. ಹಕ್ ಯಾವುದನ್ನು ಮನಸ್ಸಾಕ್ಷಿಯೆಂದು ಕರೆದನೋ ಅದು ಊರಿನ ದನಿ. ಅವನ ವಿವೇಕ ನಿಜವಾಗಿ ತೀರ್ಪಿತ್ತದ್ದು ಜಿಮ್‌ನ ಮುಖ ನೆನಪಾದಾಗ. ಅದಕ್ಕೆ ಹೆಸರಿಡಲು ಅವನಿಗೆ ಯಾರೂ ಕಲಿಸಿರಲಿಲ್ಲ, ಅಷ್ಟೆ. ಆ ತಪ್ಪಿನ ಹೊಣೆ ಬಾಲಕನದಲ್ಲ, ಕಲಿಸಿದವರದು.

ಗೆಳೆತನ ಮಾಡಿದ್ದೇನು? ಗುಲಾಮನು ಗುಲಾಮನಾಗಿರುವಷ್ಟರ ಮಟ್ಟಿಗೆ ಅವನೊಡನೆ ಸ್ನೇಹ ಅಸಾಧ್ಯ, ಮನುಷ್ಯನಾಗಿರುವಷ್ಟರ ಮಟ್ಟಿಗೆ ಸಾಧ್ಯ ಎಂದು ಅರಿಸ್ಟಾಟಲ್ ಹೇಳಿದ್ದ. ಮಂಜಿನ ರಾತ್ರಿಯ ಮರುದಿನ ತನ್ನನ್ನು ಮೂರ್ಖನನ್ನಾಗಿಸಿದ ಹಕ್‌ನನ್ನು ಜಿಮ್ ನೇರವಾಗಿ ಖಂಡಿಸುತ್ತಾನೆ. ಕ್ಷಮೆ ಕೇಳಲು ಹಕ್‌ಗೆ ಕಾಲು ಗಂಟೆ ಬೇಕಾಗುತ್ತದೆ, ಆದರೂ ಕೇಳುತ್ತಾನೆ. ಸ್ವತ್ತಿನ ಬಳಿ ಯಾರೂ ಕ್ಷಮೆ ಕೇಳುವುದಿಲ್ಲ. ಅಂದು ಕಲಿತ ಪಾಠವೇ ಮುಂದೆ ಪತ್ರವನ್ನು ಹರಿಯಿತು.

ಈ ಗೆಳೆತನಕ್ಕೂ ಮಿತಿಯುಂಟು. ಜಿಮ್‌ನನ್ನು ಬಿಡಿಸಲು ನಿಶ್ಚಯಿಸಿದ ಹಕ್ ಗುಲಾಮಗಿರಿಯೇ ತಪ್ಪೆಂಬ ನಿರ್ಣಯಕ್ಕೆ ಬರುವುದಿಲ್ಲ. ಕೊನೆಯ ಅಧ್ಯಾಯಗಳಲ್ಲಿ ಜಿಮ್‌ನ ಸೆರೆಯನ್ನೇ ಆಟವಾಗಿಸಿದ ಟಾಮ್ ಸಾಯರನಿಗೆ ಅವನು ಕೈಜೋಡಿಸುತ್ತಾನೆ. ಒಬ್ಬನ ಮುಖ ನಮ್ಮ ಕಣ್ಣು ತೆರೆಸಬಲ್ಲದು. ಆದರೆ ಎಲ್ಲರ ಪರವಾಗಿ ಸತ್ಯವನ್ನು ನುಡಿಯುವುದು ಬೋಧಕರ ಕರ್ತವ್ಯ. ಅಂದು ಬೋಧಕರು ಅದನ್ನು ನುಡಿಯಲಿಲ್ಲ.

ಪಾಪದ ರೂಢಿಯಿಂದ ಮನಸ್ಸಾಕ್ಷಿ ಕ್ರಮೇಣ ಕುರುಡಾಗಬಲ್ಲದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಎಚ್ಚರಿಸಿದೆ. ಆ ಎಚ್ಚರಿಕೆಯನ್ನು ನಾವು ಸಾಮಾನ್ಯವಾಗಿ ಪಾಪನಿವೇದನೆಗೆ ಬರುವವರಿಗೆ ಅನ್ವಯಿಸುತ್ತೇವೆ. ಮೊದಲು ಅನ್ವಯವಾಗಬೇಕಾದದ್ದು ಕೇಳುವ ನಮಗೆ. ತನ್ನ ಶಿಷ್ಯರನ್ನು ದಾಸರೆನ್ನದೆ ಸ್ನೇಹಿತರೆಂದು ಕರೆದ ಪ್ರಭುವಿನ ಹೆಸರಿನಲ್ಲಿ ನಾವು ಬೋಧಿಸುತ್ತೇವೆ. ಮುಂದೊಂದು ದಿನ ಯಾವುದೋ ಬಾಲಕನು ಸತ್ಕಾರ್ಯವೊಂದನ್ನು ಮಾಡಲು ಹೊರಟು, ನಮ್ಮ ಬೋಧನೆಯನ್ನು ನೆನೆದು, ಇದರಿಂದ ನರಕ ಖಂಡಿತ ಎಂದು ನಡುಗುವಂತಾದರೆ, ಆ ನಡುಕಕ್ಕೆ ದೇವರ ಮುಂದೆ ಉತ್ತರ ಕೊಡಬೇಕಾದವರು ನಾವೇ.