ಒತ್ತಡ ಮತ್ತು ಪುರುಷ ಸಂತಾನಶಕ್ತಿ: ಅಧ್ಯಯನದ ಇತಿಹಾಸ

ಮನಸ್ಸಿನ ಕಳವಳ ಗಂಡಸಿನ ಸಂತಾನಶಕ್ತಿಯನ್ನು ಕುಂದಿಸುತ್ತದೆ ಎಂಬ ನಂಬಿಕೆ ಹಳೆಯದು. ಅದನ್ನು ಅಳೆದು ನೋಡುವ ಪ್ರಯತ್ನ ಇತ್ತೀಚಿನದು. ಚರಕಸಂಹಿತೆ ಶುಕ್ರಕ್ಷಯಕ್ಕೆ ಮುಪ್ಪು, ರೋಗ, ಉಪವಾಸಗಳ ಜೊತೆ ಚಿಂತೆಯನ್ನೂ ಕಾರಣವೆಂದು ಎಣಿಸುತ್ತದೆ. ಆದರೂ ಮಕ್ಕಳಾಗದ ಮನೆಯಲ್ಲಿ ಬೊಟ್ಟು ತಿರುಗುತ್ತಿದ್ದುದು ಸೊಸೆಯ ಕಡೆಗೇ. ಕನ್ನಡದ ‘ಬಂಜೆ’ ಹೆಣ್ಣಿಗಷ್ಟೇ ಸಲ್ಲುವ ಮಾತು. ‘ಪುರುಷ ಬಂಜೆತನ’ ಆಮೇಲೆ ಹೊಸೆದುಕೊಂಡ ಪದ.

1936ರಲ್ಲಿ ಮಾಂಟ್ರಿಯಲ್‌ನ ವಿಜ್ಞಾನಿ ಹಾನ್ಸ್ ಸೆಲ್ಯೆ ಇಲಿಗಳನ್ನು ಚಳಿ, ಗಾಯ, ಅತಿ ದಣಿವು, ವಿಷಗಳಿಗೆ ಒಡ್ಡಿದರು. ಪೀಡೆ ಯಾವುದಾದರೂ ದೇಹದ ಪ್ರತಿಕ್ರಿಯೆ ಒಂದೇ ಬಗೆಯದು. ಅಡ್ರಿನಲ್ ಗ್ರಂಥಿ ಹಿಗ್ಗುತ್ತಿತ್ತು, ಕ್ರಮೇಣ ಲೈಂಗಿಕ ಗ್ರಂಥಿಗಳು ಸೊರಗುತ್ತಿದ್ದವು.

ಮನುಷ್ಯರ ಮೇಲೆ ಇಂಥ ಪ್ರಯೋಗ ಸಲ್ಲದು. ಹಾಗಾಗಿ ಈ ವಿಷಯದ ಪುರಾವೆಯ ಒಂದು ಪಾಲು ಬಂದದ್ದು ಯುದ್ಧ, ಭೂಕಂಪ, ಮರಣದಂಡನೆಗಳಿಂದ. ಬರ್ಲಿನ್ನಿನ ಅಂಗರಚನಾಶಾಸ್ತ್ರಜ್ಞ ಹರ್ಮನ್ ಸ್ಟೀವೆ, ಸಾವಿನ ಭಯ ಜನನಾಂಗಗಳನ್ನೇ ಕೆಡಿಸುತ್ತದೆಂದು ವಾದಿಸಲು ಮರಣದಂಡನೆಗೆ ಗುರಿಯಾದವರ ಅಂಗಗಳನ್ನು ಬಳಸಿದ. ಅವರಲ್ಲಿ ನಾಜಿ ಆಡಳಿತ ಕೊಂದ ವಿರೋಧಿಗಳೂ ಇದ್ದರು. ಅವನ ಸಂಗ್ರಹದಲ್ಲಿ ಉಳಿದಿದ್ದ ಅಂಗಾಂಶದ ಚೂರುಗಳಿಗೆ ಬರ್ಲಿನ್ನಿನಲ್ಲಿ ಮಣ್ಣು ಸಿಕ್ಕಿದ್ದು 2019ರಲ್ಲಿ. ಅವನ ಹೆಸರಿಲ್ಲದೆ ಈ ಚರಿತ್ರೆ ಹೇಳುವುದು ಪ್ರಾಮಾಣಿಕವಾಗದು.

1969ರಲ್ಲಿ ಪ್ರಕಟವಾದ ಅಧ್ಯಯನವೊಂದು ವಿಯೆಟ್ನಾಮಿನಲ್ಲಿ ದಾಳಿಯ ಭೀತಿಯಲ್ಲಿದ್ದ ಅಮೆರಿಕನ್ ಸೈನಿಕರ ಮೂತ್ರದಲ್ಲಿ ಪುರುಷ ಹಾರ್ಮೋನಾದ ಟೆಸ್ಟೋಸ್ಟಿರಾನ್ ಕಡಿಮೆಯಿರುವುದನ್ನು ಗುರುತಿಸಿತು. 1972ರಲ್ಲಿ ಅಧಿಕಾರಿ ತರಬೇತಿಯ ಅಭ್ಯರ್ಥಿಗಳ ರಕ್ತದಲ್ಲೂ ಅದೇ ಕಂಡಿತು: ಕಠಿಣ ದಿನಗಳಲ್ಲಿ ಇಳಿಕೆ, ಬಿಗಿ ಸಡಿಲಿದಾಗ ಏರಿಕೆ. ಟೆಸ್ಟೋಸ್ಟಿರಾನ್ ತಯಾರಿಸಲು ಮೆದುಳಿನ ಹೈಪೊಥಲಾಮಸ್ಸಿನಿಂದ ವೃಷಣಕ್ಕೆ ಪಿಟ್ಯುಟರಿಯ ಮೂಲಕ ಹೋಗುವ ಆದೇಶದ ಮೊದಲ ಹಾರ್ಮೋನಿನ ರಚನೆ ತಿಳಿದದ್ದು 1971ರಲ್ಲಿ. ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಈ ಸರಪಳಿಯ ಹಲವು ಕೊಂಡಿಗಳನ್ನು ತಗ್ಗಿಸಬಲ್ಲದು.

1995ರ ಜನವರಿ 17ರಂದು ಜಪಾನಿನ ಕೋಬೆ ನಡುಗಿತು. ಬಂಜೆತನದ ಚಿಕಿತ್ಸೆಯಲ್ಲಿದ್ದ ಕೆಲವು ಗಂಡಸರ ವೀರ್ಯಪರೀಕ್ಷೆ ಭೂಕಂಪಕ್ಕೆ ಮೊದಲೇ ಆಗಿತ್ತು. ಸಂಶೋಧಕರಿಗೆ ಹೋಲಿಸಿ ನೋಡಲು ಹಿಂದಿನ ಲೆಕ್ಕ ಕೈಯಲ್ಲಿತ್ತು. ಮನೆ ಕುಸಿದವರ ವೀರ್ಯಾಣುಗಳ ಚಲನೆ ಕುಗ್ಗಿತ್ತು, ಕೆಲವು ತಿಂಗಳಲ್ಲಿ ಚೇತರಿಸಿತು. ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಆದ್ದರಿಂದ ಚೇತರಿಕೆಗೂ ಆ ಹೊತ್ತು ಹಿಡಿಯುವುದು ಸಹಜ.

ದಿನನಿತ್ಯದ ಒತ್ತಡದ ಮಾತು ಇಷ್ಟು ಸ್ಪಷ್ಟವಿಲ್ಲ. ಸಿಗರೇಟು, ಕುಡಿತ, ನಿದ್ದೆಗೇಡು ಒತ್ತಡದ ಬೆನ್ನಿಗೇ ಬರುತ್ತವೆ. ಯಾವುದರ ಪಾಲೆಷ್ಟೆಂದು ಬಿಡಿಸುವುದು ಕಷ್ಟ. 2014ರಲ್ಲಿ ಕ್ಯಾಲಿಫೋರ್ನಿಯಾದ 193 ಗಂಡಸರ ಅಧ್ಯಯನ, ಒತ್ತಡ ಹೆಚ್ಚೆಂದವರಲ್ಲಿ ವೀರ್ಯಾಣುಗಳ ಚಲನೆ ಮತ್ತು ಆಕಾರ ಎರಡೂ ಕಳಪೆಯೆಂದು ಕಂಡಿತು. ನೌಕರಿಯ ಒತ್ತಡಕ್ಕೆ ಮಾತ್ರ ವೀರ್ಯದ ಗುಣಮಟ್ಟದೊಡನೆ ನೇರ ನಂಟು ಕಾಣಲಿಲ್ಲ. ನೌಕರಿಯೇ ಇಲ್ಲದವರ ವೀರ್ಯದ ಗುಣಮಟ್ಟ, ಒತ್ತಡ ಎಷ್ಟೇ ಇರಲಿ, ನೌಕರಿಯಿದ್ದವರಿಗಿಂತ ಕೆಳಗಿತ್ತು.