ತುಳು ನುಡಿಯ ಪೋಷಣೆಯೂ ಸಾಹಿತ್ಯ ಅಕಾಡೆಮಿಯೂ

೧

ದೇಶಭಾಷೆಯೊಂದು ಗ್ರಂಥಭಾಷೆಯಾಗಿ ಬೆಳೆಯಬೇಕಾದರೆ ಅದಕ್ಕೆ ಮೂರು ಬಗೆಯ ಆಶ್ರಯಗಳು ಬೇಕಾಗುವುವು: ಅರಸರ ಆಸ್ಥಾನ ಒಂದು, ಮತಧರ್ಮಗಳ ಮಠಮಂದಿರಗಳು ಎರಡು, ಮಕ್ಕಳು ಅಕ್ಷರ ಕಲಿಯುವ ಶಾಲೆ ಮೂರು. ಕನ್ನಡಕ್ಕೆ ಈ ಮೂರೂ ಬೇರೆ ಬೇರೆ ಕಾಲಗಳಲ್ಲಿ ದೊರೆತುವು. ಪಡುಗಡಲ ತೀರದ ತುಳುವಿಗೆ ಇವುಗಳಲ್ಲಿ ಒಂದಾದರೂ ಪೂರ್ಣವಾಗಿ ದೊರೆಯಲಿಲ್ಲ. ೧೯೯೪ರಲ್ಲಿ ಕರ್ನಾಟಕ ಸರಕಾರವು ಕರ್ನಾಟಕ ತುಳು ಸಾಹಿತ್ಯ ಅಕಾಡೆಮಿಯನ್ನು ಸ್ಥಾಪಿಸಿದಾಗ, ಈ ನುಡಿಯ ಯೋಗಕ್ಷೇಮವನ್ನೇ ಉದ್ದೇಶವಾಗಿ ಉಳ್ಳ ಸಂಸ್ಥೆಯೊಂದು ರಾಜ್ಯದ ವೆಚ್ಚದಲ್ಲಿ ಏರ್ಪಟ್ಟಂತಾಯಿತು.

ಇಂತಹ ಸಂಸ್ಥೆಯ ಕಾರ್ಯವನ್ನು ತೂಗುವವರು ಅದು ಕೊಟ್ಟ ಪ್ರಶಸ್ತಿಗಳನ್ನೂ ನಡೆಸಿದ ಸಮ್ಮೇಳನಗಳನ್ನೂ ಎಣಿಸುವುದು ವಾಡಿಕೆ. ಆದರೆ ಅಕಾಡೆಮಿಗೆ ಮುನ್ನ ಒಂದೂವರೆ ಶತಮಾನದ ಕಾಲ ತುಳುವಿಗಾಗಿ ದುಡಿದವರ ಚರಿತ್ರೆಯನ್ನು ನೋಡಿದಲ್ಲದೆ, ಅದರಿಂದ ಏನನ್ನು ನಿರೀಕ್ಷಿಸಬೇಕೆಂಬುದು ಸ್ಪಷ್ಟವಾಗದು. ಆ ಚರಿತ್ರೆಯಲ್ಲಿ ವಿದ್ವತ್ತಿಗೂ ಅಭಿಮಾನಕ್ಕೂ ಕೊರತೆಯಿರಲಿಲ್ಲ; ಒಬ್ಬರು ಆರಂಭಿಸಿದ ಕೆಲಸವನ್ನು ಅವರ ತರುವಾಯ ಮುಂದುವರಿಸುವ ಏರ್ಪಾಟಿಗೆ ಮಾತ್ರ ಕೊರತೆಯಿದ್ದಿತು. ಅಕಾಡೆಮಿಯ ಬೆಲೆಯನ್ನು ಈ ಕೊರತೆಯ ಮೇಲಿಂದಲೇ ನಿಶ್ಚಯಿಸಬೇಕಾಗಿದೆ.

೨

ತುಳುನಾಡನ್ನು ಬಹುಕಾಲ ಆಳಿದವರು ಆಳುಪರು. ಅವರ ಶಾಸನಗಳ ಭಾಷೆ ಬಹುಮಟ್ಟಿಗೆ ಕನ್ನಡ. ತುಳು ಭಾಷೆಯ ಶಾಸನಗಳು ತೀರ ವಿರಳ. ಹದಿನಾರನೆಯ ಶತಮಾನದಲ್ಲಿ ಮೂಡಬಿದಿರೆಯ ರತ್ನಾಕರವರ್ಣಿಯು ಭರತೇಶವೈಭವವನ್ನು ಕನ್ನಡದಲ್ಲಿಯೇ ರಚಿಸಿದನು. ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ನಂದಳಿಕೆಯ ಮುದ್ದಣನೂ ಹೊಸಗನ್ನಡದ ಹೊಸ್ತಿಲಲ್ಲಿ ನಿಂತು ಕನ್ನಡಕ್ಕೇ ತನ್ನ ಪ್ರತಿಭೆಯನ್ನು ಒಪ್ಪಿಸಿದನು. ಮನೆಯಲ್ಲಿ ತುಳುವನ್ನಾಡಿ, ಬರೆಹಕ್ಕೆ ಕನ್ನಡವನ್ನು ಹಿಡಿಯುವ ಪದ್ಧತಿಯು ಆ ನಾಡಿನಲ್ಲಿ ಸಹಜವಾಗಿ ಬೆಳೆದು ಬಂದುದು. ಇದರಿಂದ ಕನ್ನಡ ಸಾಹಿತ್ಯಕ್ಕೆ ಆದ ಲಾಭವು ಅಪಾರ. ಆದುದರಿಂದ ತುಳುವಿನ ಪೋಷಣೆಯು ಕನ್ನಡಕ್ಕೆ ಎದುರಾದ ಕಾರ್ಯವೆಂದು ಭಾವಿಸುವುದು ಚರಿತ್ರೆಗೆ ಸಮ್ಮತವಾಗದು; ಹಳೆಯ ಸಾಲವೊಂದನ್ನು ಹಿಂದಿರುಗಿಸುವ ಕಾರ್ಯವೆಂದು ಹೇಳುವುದೇ ಹೆಚ್ಚು ಯುಕ್ತ.

ತುಳುವರಿಗೆ ಲಿಪಿಯೇ ಇರಲಿಲ್ಲವೆಂಬ ಮಾತೂ ಸರಿಯಲ್ಲ. ಗ್ರಂಥಲಿಪಿಯಿಂದ ಹುಟ್ಟಿ, ಮಲಯಾಳ ಲಿಪಿಗೆ ಸೋದರಿಯಾದ ಲಿಪಿಯೊಂದು ತುಳುನಾಡಿನಲ್ಲಿಯೂ ಮಲೆನಾಡಿನಲ್ಲಿಯೂ ಬಳಕೆಯಲ್ಲಿತ್ತು. ತುಳು ಲಿಪಿಯೆಂದೂ ತಿಗಳಾರಿಯೆಂದೂ ಅದಕ್ಕೆ ಹೆಸರು. ಆದರೆ ಆ ಲಿಪಿಯಲ್ಲಿ ಬರೆದ ಓಲೆಗಳಲ್ಲಿ ಹೆಚ್ಚಿನವು ಸಂಸ್ಕೃತದ ಮಂತ್ರ, ಶಾಸ್ತ್ರ, ಪುರಾಣಗಳು. ಹೀಗೆ ತುಳುವರ ಲಿಪಿಯು ಸಂಸ್ಕೃತಕ್ಕೆ ಸೇವೆ ಸಲ್ಲಿಸಿತು, ತುಳುವರ ಲೇಖನಿಯು ಕನ್ನಡಕ್ಕೆ ಸೇವೆ ಸಲ್ಲಿಸಿತು. ತುಳುವು ಬಾಯಲ್ಲಿ ಉಳಿಯಿತು. ಭೂತಾರಾಧನೆಯ ಕಣದಲ್ಲಿಯೂ ಹೆಂಗಸರು ನೇಜಿ ನೆಡುವ ಗದ್ದೆಯಲ್ಲಿಯೂ ಹಾಡಲ್ಪಡುವ ಪಾಡ್ದನಗಳೇ ಅದರ ಮಹಾಕಾವ್ಯಗಳಾದುವು.

ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ೧೮೫೬ರಲ್ಲಿ ಮೊದಲು ಪ್ರಕಟಿಸಿದ ಕಾಲ್ಡ್‌ವೆಲ್ ಪಂಡಿತನು ತುಳುವನ್ನು ಆ ಕುಟುಂಬದ ಅತ್ಯಂತ ಬೆಳೆದ ನುಡಿಗಳಲ್ಲಿ ಒಂದೆಂದು ಹೊಗಳಿ, ಅದರೊಡನೆಯೇ ಅದಕ್ಕೆ ಸಾಹಿತ್ಯವಿಲ್ಲವೆಂದು ಅಭಿಪ್ರಾಯಪಟ್ಟನು. ಆತನ ಹೊಗಳಿಕೆಯು ಇಂದಿಗೂ ಉದ್ಧೃತವಾಗುತ್ತಿದೆ. ಆತನ ಆಕ್ಷೇಪಕ್ಕೆ ಉತ್ತರ ದೊರೆತುದು ಮಾತ್ರ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ವಿದ್ವಾಂಸ ವೆಂಕಟರಾಜ ಪುಣಿಂಚತ್ತಾಯರು ತುಳು ಲಿಪಿಯ ಓಲೆಗಳನ್ನು ಅರಸಿ ಓದಿ, ವಿಷ್ಣುತುಂಗನ ಶ್ರೀ ಭಾಗವತೊ, ಕಾವೇರಿ, ಅರುಣಾಬ್ಜನ ಮಹಾಭಾರತೊ ಮೊದಲಾದ ಪ್ರಾಚೀನ ತುಳು ಕೃತಿಗಳನ್ನು ಬೆಳಕಿಗೆ ತಂದರು. ಇವು ದೊರೆತ ಮೇಲೆ ತುಳುವಿಗೆ ಗ್ರಂಥಸ್ಥ ಕಾವ್ಯಪರಂಪರೆಯೊಂದು ಇದ್ದಿತೆಂಬುದರಲ್ಲಿ ಸಂಶಯವುಳಿಯಲಿಲ್ಲ. ಒಬ್ಬ ವ್ಯಕ್ತಿಯ ಶ್ರದ್ಧೆಯಿಂದ ಇಷ್ಟು ಸಾಧಿತವಾಯಿತೆಂಬುದು ಸಂತೋಷದ ಸಂಗತಿ. ಅಷ್ಟು ಕಾಲ ಆ ಓಲೆಗಳನ್ನು ಹುಡುಕುವುದಕ್ಕೆ ಒಂದು ಸಂಸ್ಥೆಯೂ ಇರಲಿಲ್ಲವೆಂಬುದು ಚಿಂತಿಸಬೇಕಾದ ಸಂಗತಿ.

೩

ತುಳುವನ್ನು ಮುದ್ರಣಕ್ಕೆ ತಂದವರು ಬಾಸೆಲ್ ಮಿಶನ್ನಿನವರು. ಅವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ೧೮೪೧ರಲ್ಲಿ ಅಲ್ಲಿ ಅಚ್ಚುಕೂಟವನ್ನು ತೆರೆದರು. ೧೮೪೭ರಲ್ಲಿ ಹೊಸ ಒಡಂಬಡಿಕೆಯ ತುಳು ಅನುವಾದವನ್ನು ಹೊರತಂದರು. ಬ್ರಿಗೆಲ್ ಪಾದ್ರಿಯ ತುಳು ವ್ಯಾಕರಣವು ೧೮೭೨ರಲ್ಲಿಯೂ, ಮ್ಯಾನರ್ ಪಾದ್ರಿಯ ತುಳು–ಇಂಗ್ಲಿಷ್ ನಿಘಂಟು ೧೮೮೬ರಲ್ಲಿಯೂ, ಇಂಗ್ಲಿಷ್–ತುಳು ನಿಘಂಟು ೧೮೮೮ರಲ್ಲಿಯೂ ಪ್ರಕಟವಾದುವು. ಪಾಡ್ದನಗಳ ಸಂಗ್ರಹವೊಂದನ್ನೂ ಮ್ಯಾನರನು ೧೮೮೬ರಲ್ಲಿಯೇ ಅಚ್ಚು ಮಾಡಿಸಿದನು. ಈ ಗ್ರಂಥಗಳಲ್ಲಿ ತುಳುವಿಗೆ ಬಳಕೆಯಾದುದು ಕನ್ನಡ ಲಿಪಿ. ಅಂದಿನಿಂದ ಅದೇ ರೂಢಿಯಾಯಿತು. ಮತಪ್ರಚಾರವು ಈ ಪ್ರಯತ್ನದ ಮೂಲೋದ್ದೇಶವಾಗಿದ್ದರೂ ಅದರ ಫಲವು ಮತದ ಮೇರೆಯನ್ನು ಮೀರಿತು. ಆದರೆ ಆ ಪಾದ್ರಿಗಳ ತಲೆಮಾರು ಮುಗಿದ ಮೇಲೆ ನಿಘಂಟಿನ ಕೆಲಸವು ನಿಂತುಹೋಯಿತು. ಮರಿಯಪ್ಪ ಭಟ್ಟ ಮತ್ತು ಶಂಕರ ಕೆದಿಲಾಯರ ತುಳು–ಇಂಗ್ಲಿಷ್ ನಿಘಂಟನ್ನು ಮದ್ರಾಸು ವಿಶ್ವವಿದ್ಯಾನಿಲಯವು ೧೯೬೭ರಲ್ಲಿ ಪ್ರಕಟಿಸುವ ವೇಳೆಗೆ ಮ್ಯಾನರನ ನಿಘಂಟಿಗೆ ಎಂಬತ್ತು ವರ್ಷ ಕಳೆದಿದ್ದುವು.

ಎರಡನೆಯ ಪ್ರಯತ್ನವು ನಾಡಿನವರದೇ. ರಾಷ್ಟ್ರೀಯ ಚಳವಳಿಯ ಕಾಲದಲ್ಲಿ, ೧೯೨೮ರಲ್ಲಿ, ಎಸ್. ಯು. ಪಣಿಯಾಡಿಯವರು ಉಡುಪಿಯಲ್ಲಿ ತುಳು ಮಹಾಸಭೆಯನ್ನು ಕಟ್ಟಿದರು. ತುಳುವಿನಲ್ಲಿ ಪುಸ್ತಕಗಳು ಬರೆಯಲ್ಪಡಬೇಕು, ಅಚ್ಚಾಗಬೇಕು, ಮನೆಮನೆಗೆ ತಲುಪಬೇಕು ಎಂಬುದು ಅವರ ಆಶಯವಾಗಿತ್ತು. ತುಳುವಿನ ಮೊದಲ ಕಾದಂಬರಿಯೆಂದು ಹೆಸರಾದ ಸತಿ ಕಮಲೆಯು ಅವರದೇ ಕೃತಿ. ಆ ಕಾಲದ ಲೇಖಕರಿಗೆ ಉತ್ಸಾಹವಿತ್ತು, ಓದುಗರೂ ಕೆಲವರಿದ್ದರು. ಆದರೆ ಮಕ್ಕಳು ಶಾಲೆಯಲ್ಲಿ ಕಲಿಯದ ಭಾಷೆಯ ಪುಸ್ತಕಕ್ಕೆ ಮುಂದಿನ ತಲೆಮಾರಿನ ಓದುಗರು ಎಲ್ಲಿಂದ ಬರಬೇಕು? ಪುಸ್ತಕವನ್ನು ಪ್ರಕಟಿಸಬಹುದು, ಓದುಗನನ್ನು ಸಿದ್ಧಪಡಿಸುವ ಕೆಲಸವು ಶಾಲೆಯದು, ಶಾಲೆಯು ಸರಕಾರದ ಅಧೀನದ್ದು. ಮಹಾಸಭೆಯು ಎಷ್ಟೇ ಶ್ರಮಿಸಿದರೂ ದಾಟಲಾರದ ಗೆರೆ ಇದಾಗಿತ್ತು.

ಮೂರನೆಯದು ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟು. ಕು. ಶಿ. ಹರಿದಾಸ ಭಟ್ಟರ ಮುಂದಾಳುತನದಲ್ಲಿ ೧೯೭೯ರಲ್ಲಿ ಆರಂಭವಾದ ಈ ಯೋಜನೆಯು ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ನಡೆದು, ೧೯೮೮ರಿಂದ ೧೯೯೭ರವರೆಗೆ ಆರು ಸಂಪುಟಗಳಾಗಿ ಹೊರಬಂದಿತು. ಊರಿನಿಂದ ಊರಿಗೂ ಜಾತಿಯಿಂದ ಜಾತಿಗೂ ಬೇರಾಗುವ ಪದರೂಪಗಳನ್ನು ಜನರ ಬಾಯಿಂದಲೇ ಸಂಗ್ರಹಿಸಿ, ಪಾಡ್ದನಗಳ ಪ್ರಯೋಗಗಳನ್ನೂ ಸೇರಿಸಿದುದರಿಂದ ಇದು ಆ ನಾಡಿನ ಜೀವನದ ಕೋಶವೂ ಆಯಿತು. ಇದೇ ಕಾಲದಲ್ಲಿ ಫಿನ್‌ಲೆಂಡಿನ ಲೌರಿ ಹೋಂಕೊ ಅವರು ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರೊಡಗೂಡಿ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ೧೯೯೦ರಲ್ಲಿ ದಾಖಲಿಸಿದರು. ೧೯೯೮ರಲ್ಲಿ ಹೆಲ್ಸಿಂಕಿಯಲ್ಲಿ ಪ್ರಕಟವಾದ ಅದರ ಪಾಠವು ೧೫,೬೮೩ ಸಾಲುಗಳದು. ಅಕ್ಷರವನ್ನು ಆಶ್ರಯಿಸದೆ ಒಬ್ಬ ಗಾಯಕನ ನೆನಪಿನಲ್ಲಿ ನಿಂತ ಕಾವ್ಯದ ಪ್ರಮಾಣ ಇದು. ಅಂತಹ ಗಾಯಕನೊಬ್ಬನು ಶಿಷ್ಯರಿಲ್ಲದೆ ತೀರಿಕೊಂಡರೆ ನಷ್ಟವಾಗುವುದು ಎಷ್ಟೆಂಬುದನ್ನೂ ಇದರಿಂದ ಊಹಿಸಬಹುದು.

೪

ಈ ಮೂರು ಪ್ರಯತ್ನಗಳ ತರುವಾಯ ಬಂದುದು ಅಕಾಡೆಮಿ. ರಾಜ್ಯದ ಸಾಹಿತ್ಯ ಅಕಾಡೆಮಿಯು ೧೯೬೧ರಲ್ಲಿಯೇ ಸ್ಥಾಪಿತವಾಗಿದ್ದಿತು. ಕನ್ನಡವಲ್ಲದ ನಾಡನುಡಿಗಳಿಗೆ ಪ್ರತ್ಯೇಕ ಸಂಸ್ಥೆಗಳು ಬೇಕೆಂಬುದು ಅಂಗೀಕೃತವಾಗುವುದಕ್ಕೆ ಇನ್ನೂ ಮೂವತ್ತಮೂರು ವರ್ಷ ಹಿಡಿಯಿತು. ತುಳುವಿನೊಡನೆ ೧೯೯೪ರಲ್ಲಿ ಕೊಂಕಣಿ ಮತ್ತು ಕೊಡವ ಅಕಾಡೆಮಿಗಳೂ, ೨೦೦೭ರಲ್ಲಿ ಬ್ಯಾರಿ ಅಕಾಡೆಮಿಯೂ, ೨೦೧೧ರಲ್ಲಿ ಅರೆಭಾಷೆ ಅಕಾಡೆಮಿಯೂ ಹುಟ್ಟಿದುವು. ಒಂದೇ ರಾಜ್ಯವು ತನ್ನ ಆಡಳಿತ ಭಾಷೆಯಲ್ಲದ ಐದು ನುಡಿಗಳಿಗೆ ಹೀಗೆ ಪೋಷಣೆಯನ್ನು ಒದಗಿಸಿದುದು ಮೆಚ್ಚತಕ್ಕ ವಿಷಯ. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದುದರಿಂದ ತುಳುನಾಡು ಎರಡು ರಾಜ್ಯಗಳಲ್ಲಿ ಹಂಚಿಹೋಗಿದೆ. ಆ ಭಾಗದ ತುಳುವರಿಗಾಗಿ ಕೇರಳ ಸರಕಾರವೂ ೨೦೦೭ರಲ್ಲಿ ತುಳು ಅಕಾಡೆಮಿಯೊಂದನ್ನು ಸ್ಥಾಪಿಸಿತು.

ಮಂಗಳೂರಿನ ತುಳು ಭವನದಲ್ಲಿ ನೆಲಸಿದ ಕರ್ನಾಟಕ ತುಳು ಸಾಹಿತ್ಯ ಅಕಾಡೆಮಿಯ ಕಾರ್ಯಗಳು ಹಲವು. ಹಿರಿಯ ಸಾಹಿತಿಗಳಿಗೂ ಕಲಾವಿದರಿಗೂ ಗೌರವ ಪ್ರಶಸ್ತಿಯನ್ನೀಯುವುದು, ಹೊಸ ಪುಸ್ತಕಗಳಿಗೆ ಬಹುಮಾನ ಕೊಡುವುದು, ಮದಿಪು ಎಂಬ ಪತ್ರಿಕೆಯನ್ನು ನಡೆಸುವುದು, ಪಾಡ್ದನ ಮೊದಲಾದ ಜನಪದ ವಾಙ್ಮಯವನ್ನು ಪ್ರಕಟಿಸುವುದು, ವಿಚಾರಗೋಷ್ಠಿಗಳನ್ನು ಏರ್ಪಡಿಸುವುದು, ಇವು ಅವುಗಳಲ್ಲಿ ಮುಖ್ಯವಾದುವು. ಆದರೆ ಚರಿತ್ರೆಯ ದೃಷ್ಟಿಯಿಂದ ಇವೆಲ್ಲಕ್ಕಿಂತ ಮಿಗಿಲಾದುದು ಶಾಲೆಯ ಕಾರ್ಯ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಶಾಲೆಗಳಲ್ಲಿ ೨೦೧೦–೧೧ನೆಯ ವರ್ಷದಿಂದ ತುಳುವನ್ನು ಐಚ್ಛಿಕ ತೃತೀಯ ಭಾಷೆಯಾಗಿ ಕಲಿಸುವುದಕ್ಕೆ ಅವಕಾಶವಾಯಿತು. ಪಣಿಯಾಡಿಯವರ ಮಹಾಸಭೆಯು ದಾಟಲಾರದೆ ನಿಂತ ಗೆರೆಯನ್ನು ತುಳುವು ಎಂಬತ್ತು ವರ್ಷಗಳ ತರುವಾಯ ದಾಟಿತು.

೫

ಶಾಲೆಯ ಬಾಗಿಲು ತೆರೆದುದರಿಂದ ಹಳೆಯ ಪ್ರಶ್ನೆಗಳು ಹೊಸ ತೀಕ್ಷ್ಣತೆಯಿಂದ ಎದ್ದಿವೆ. ಅವುಗಳಲ್ಲಿ ಮೊದಲನೆಯದು ಬರೆಹದ್ದು. ತುಳುವಿನಲ್ಲಿ ಎರಡು ಬಗೆಯ ಎಕಾರಗಳುಂಟು, ಒಂದು ಸಂವೃತ, ಇನ್ನೊಂದು ವಿವೃತ. ಈ ಭೇದವು ಅರ್ಥಭೇದಕ್ಕೂ ಕಾರಣವಾಗುವುದು. ಬರ್ಪೆ ಎಂಬ ಪದದ ಕಡೆಯ ಸ್ವರವನ್ನು ಬಾಯ್ದೆರೆದು ಉಚ್ಚರಿಸಿದರೆ ನಾನು ಬರುತ್ತೇನೆಂದೂ, ಬಾಯಿ ಕಿರಿದಾಗಿಸಿ ಉಚ್ಚರಿಸಿದರೆ ಅವನು ಬರುತ್ತಾನೆಂದೂ ಅರ್ಥವಾಗುವುದು. ರೂಢಿಯ ಕನ್ನಡ ಲಿಪಿಯಲ್ಲಿ ಇವೆರಡಕ್ಕೂ ಒಂದೇ ಚಿಹ್ನೆ. ಪದಾಂತದ ಹ್ರಸ್ವತರ ಉಕಾರವನ್ನು ಬರೆಯುವುದರಲ್ಲಿಯೂ ಲೇಖಕರಲ್ಲಿ ಏಕರೂಪತೆಯಿಲ್ಲ. ತುಳುವನ್ನು ತಾಯಿಯಿಂದ ಕಲಿತವನಿಗೆ ಸಂದರ್ಭವೇ ಅರ್ಥವನ್ನು ತಿಳಿಸುವುದು. ಪುಸ್ತಕದಿಂದ ಕಲಿಯುವ ಬಾಲಕನಿಗೆ ಚಿಹ್ನೆಯೇ ಬೇಕು. ಇದನ್ನು ಒಬ್ಬ ಲೇಖಕನಾಗಲಿ ಒಂದು ಪತ್ರಿಕೆಯಾಗಲಿ ನಿರ್ಣಯಿಸಲಾರದು. ವಿದ್ವಾಂಸರನ್ನೂ ಉಪಾಧ್ಯಾಯರನ್ನೂ ಒಟ್ಟುಗೂಡಿಸಿ ತೀರ್ಮಾನಕ್ಕೆ ಬರತಕ್ಕ ಅಧಿಕಾರವುಳ್ಳ ಸಂಸ್ಥೆಯೇ ನಿರ್ಣಯಿಸಬೇಕು.

ಎರಡನೆಯದು ಹಳೆಯ ಲಿಪಿಯ ಪ್ರಶ್ನೆ. ತುಳು–ತಿಗಳಾರಿ ಲಿಪಿಯು ೨೦೨೪ರಲ್ಲಿ ಯೂನಿಕೋಡ್ ಮಾನದಂಡದ ಹದಿನಾರನೆಯ ಆವೃತ್ತಿಯಲ್ಲಿ ಸೇರಿದುದರಿಂದ ಓಲೆಗಳ ಪಾಠವನ್ನು ಮೂಲ ಲಿಪಿಯಲ್ಲಿಯೇ ಗಣಕಯಂತ್ರದಲ್ಲಿ ಮುದ್ರಿಸುವ ದಾರಿ ತೆರೆದಿದೆ. ನಾಮಫಲಕಗಳಲ್ಲಿ ಈ ಲಿಪಿಯನ್ನು ಕಂಡು ಜನರು ಹಿಗ್ಗುವುದು ಸ್ವಾಭಾವಿಕ. ಆದರೆ ಲಿಪಿಯ ನಿಜವಾದ ಉಪಯೋಗವು ಓಲೆಯನ್ನು ಓದಬಲ್ಲವರ ಸಂಖ್ಯೆ ಹೆಚ್ಚುವುದರಲ್ಲಿದೆ. ಪುಣಿಂಚತ್ತಾಯರಂತಹ ಒಬ್ಬರ ಸ್ಥಾನದಲ್ಲಿ ಹತ್ತು ಮಂದಿ ತರಬೇತಾದ ಓದುಗರಿದ್ದರೆ ಮನೆಗಳಲ್ಲಿಯೂ ಮಠಗಳಲ್ಲಿಯೂ ಉಳಿದಿರಬಹುದಾದ ತುಳು ಕಾವ್ಯಗಳು ಹುಳುಹಿಡಿಯುವ ಮುನ್ನ ಪರೀಕ್ಷಿಸಲ್ಪಡುವುವು.

ಮೂರನೆಯದು ಅಕಾಡೆಮಿಯ ರಚನೆಗೇ ಸೇರಿದುದು. ಅದರ ಅಧ್ಯಕ್ಷರನ್ನೂ ಸದಸ್ಯರನ್ನೂ ಸರಕಾರವು ನಿಯತ ಅವಧಿಗೆ ನೇಮಿಸುತ್ತದೆ. ಅವಧಿ ಮುಗಿದೊಡನೆ ಹೊಸಬರು ಬರುತ್ತಾರೆ. ಸಮ್ಮೇಳನಕ್ಕೂ ಪ್ರಶಸ್ತಿಗೂ ಇಂತಹ ಅವಧಿಯು ಸಾಕು. ಆದರೆ ಉಡುಪಿಯ ನಿಘಂಟು ಮುಗಿಯುವುದಕ್ಕೆ ಹದಿನೆಂಟು ವರ್ಷ ಹಿಡಿಯಿತು. ಆ ಕಾರ್ಯವು ಸಂಪೂರ್ಣವಾದುದು ಒಂದು ಕಾಲೇಜಿನ ಆಶ್ರಯದಲ್ಲಿ ಒಂದೇ ಸಂಪಾದಕತ್ವವು ಮೊದಲಿಂದ ಕಡೆಯವರೆಗೆ ನಿಂತುದರಿಂದ. ಭಾಷೆಯ ಮೂಲಭೂತವಾದ ಕೆಲಸಗಳೆಲ್ಲ ಇಷ್ಟೇ ದೀರ್ಘವಾದುವು. ಅಧ್ಯಕ್ಷರು ಬದಲಾದರೂ ಬದಲಾಗದ ಸಂಪಾದಕ ಮಂಡಲಿ, ಹಸ್ತಪ್ರತಿ ಭಂಡಾರ, ಪಾಡ್ದನಗಳ ಧ್ವನಿಸಂಗ್ರಹ ಇವು ಅಕಾಡೆಮಿಯಲ್ಲಿ ಸ್ಥಿರವಾಗಿ ನಿಂತರೆ ಮಾತ್ರ ಹಿಂದಿನ ಪ್ರಯತ್ನಗಳಿಗೆ ಒದಗಿದ ಗತಿಯು ಇದಕ್ಕೆ ಒದಗದು.

ಕಾಲಾವಕಾಶವೂ ಬಹಳವಿಲ್ಲ. ೨೦೦೧ರ ಜನಗಣತಿಯಲ್ಲಿ ೧೭,೨೨,೭೬೮ ಮಂದಿಯೂ ೨೦೧೧ರ ಗಣತಿಯಲ್ಲಿ ೧೮,೪೬,೪೨೭ ಮಂದಿಯೂ ತುಳುವನ್ನು ಮಾತೃಭಾಷೆಯೆಂದು ಬರೆಯಿಸಿದರು. ಹತ್ತು ವರ್ಷಗಳಲ್ಲಿ ಆದ ಹೆಚ್ಚಳವು ನೂರಕ್ಕೆ ಏಳರಷ್ಟು. ಅದೇ ಅವಧಿಯಲ್ಲಿ ದೇಶದ ಜನಸಂಖ್ಯೆಯು ನೂರಕ್ಕೆ ಹದಿನೇಳಕ್ಕೂ ಮೀರಿ ಹೆಚ್ಚಿತು. ನೆರೆಯ ಕೊಂಕಣಿಯು ೧೯೯೨ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯನ್ನು ಸೇರಿತು. ತುಳುವಿಗೆ ಆ ಸ್ಥಾನವು ಇನ್ನೂ ದೊರೆತಿಲ್ಲ. ಆ ಬೇಡಿಕೆಯು ನ್ಯಾಯವಾದುದೇ. ಆದರೆ ಅನುಸೂಚಿಯು ಕೊಡುವುದು ಮರ್ಯಾದೆ ಮತ್ತು ಅವಕಾಶ. ನಿಘಂಟನ್ನು ಪರಿಷ್ಕರಿಸುವುದು, ಓಲೆಯನ್ನು ಓದುವುದು, ಪಾಡ್ದನವನ್ನು ಹಾಡುವವರಿಂದ ಬರೆದುಕೊಳ್ಳುವುದು, ಮಕ್ಕಳಿಗೆ ತಕ್ಕ ಪಾಠಪುಸ್ತಕವನ್ನು ಸಿದ್ಧಗೊಳಿಸುವುದು ಇವು ಅನುಸೂಚಿಗೆ ಕಾಯಬೇಕಾದ ಕೆಲಸಗಳಲ್ಲ.

ಮಿಶನ್ನಿನವರಿಗೆ ಅಚ್ಚುಕೂಟವಿತ್ತು, ಮಹಾಸಭೆಗೆ ಅಭಿಮಾನವಿತ್ತು, ಉಡುಪಿಯ ವಿದ್ವಾಂಸರಿಗೆ ಶಾಸ್ತ್ರವಿತ್ತು. ರಾಜ್ಯದ ವೆಚ್ಚದಲ್ಲಿ ವರ್ಷದಿಂದ ವರ್ಷಕ್ಕೆ ನಡೆಯುವ ಸ್ಥಿರತೆ ಮಾತ್ರ ಅವರಲ್ಲಿ ಯಾರಿಗೂ ಇರಲಿಲ್ಲ. ಅದು ಅಕಾಡೆಮಿಗೆ ದೊರೆತಿದೆ. ಆ ಸ್ಥಿರತೆಯನ್ನು ದೀರ್ಘಕಾಲದ ಕಾರ್ಯಗಳಿಗೆ ವಿನಿಯೋಗಿಸುವುದೇ ಅದರ ಮುಂದಿರುವ ಕರ್ತವ್ಯ.