ಫೌಂಟನ್ನಿನ ಬಳಿ

“ಫೌಂಟನ್ ಹತ್ತಿರ ನಿಂತಿರಿ, ಬರ್ತೇನೆ” ಎಂಬ ಮಾತನ್ನು ಒಮ್ಮೆಯೂ ಆಡದ ಮುಂಬಯಿ ಕನ್ನಡಿಗರು ವಿರಳ. ಕೋಟೆಯ ಕಚೇರಿಗಳ ಗುಮಾಸ್ತರಿಗೂ, ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಓಡುತ್ತಿದ್ದ ನಮ್ಮ ಹುಡುಗರಿಗೂ ಅದು ತಪ್ಪದ ಗುರುತು.

ಆ ಜಾಗ ಹಿಂದೆ ನಿಜಕ್ಕೂ ಒಂದು ಬಾಗಿಲೇ ಆಗಿತ್ತು. ಇಂಗ್ಲಿಷರ ಕೋಟೆಯ ಚರ್ಚ್‌ಗೇಟ್ ಇದ್ದುದು ಇಲ್ಲಿ. ಒಳಗಿನ ಸೇಂಟ್ ಥಾಮಸ್ ಚರ್ಚಿನಿಂದ ಅದಕ್ಕೆ ಆ ಹೆಸರು. ಗವರ್ನರ್ ಬಾರ್ಟಲ್ ಫ್ರಿಯರನ ಕಾಲದಲ್ಲಿ, 1860ರ ದಶಕದಲ್ಲಿ, ಕೋಟೆಯ ಗೋಡೆಗಳು ಉರುಳಿದವು. ಬಾಗಿಲು ಹೋಯಿತು, ಹೆಸರು ಮಾತ್ರ ರೈಲು ನಿಲ್ದಾಣಕ್ಕೆ ಹೋಗಿ ಕುಳಿತಿತು. 1864ರಲ್ಲಿ ಫ್ರಿಯರನ ಗೌರವಾರ್ಥ ಇಲ್ಲಿ ಕಾರಂಜಿ ಎದ್ದಿತು. ಜನ ಗವರ್ನರನನ್ನು ಮರೆತು, ಅದರ ಮೇಲೆ ನಿಂತ ರೋಮನ್ನರ ಹೂದೇವಿ ಫ್ಲೋರಾಳ ಹೆಸರನ್ನೇ ಹಿಡಿದರು.

ಈ ಚೌಕದಿಂದ ಹೈಕೋರ್ಟು, ವಿಶ್ವವಿದ್ಯಾಲಯ ಎರಡೂ ನಾಲ್ಕು ಹೆಜ್ಜೆ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ ಅಲ್ಲಿನವರ ಹೊಲ ಮನೆಗಳ ಮೇಲ್ಮನವಿ ಬರುತ್ತಿದ್ದುದು ಈ ಹೈಕೋರ್ಟಿಗೆ. ಧಾರವಾಡಕ್ಕೆ ತನ್ನದೇ ವಿಶ್ವವಿದ್ಯಾಲಯ ಬರುವವರೆಗೆ ಅಲ್ಲಿನ ಹುಡುಗರ ಬಿ.ಎ. ಪದವಿಯೂ ಇಲ್ಲಿಂದಲೇ. ಮಂಗಳೂರು, ಉಡುಪಿಯವರದು ಮದರಾಸು ಪ್ರಾಂತ; ಅವರು ಮೊದಲಿನಿಂದಲೂ ಪರಪ್ರಾಂತದವರು. ಧಾರವಾಡದವನಿಗಾದರೋ ಇದು ತನ್ನದೇ ರಾಜಧಾನಿ.

1955ರ ನವೆಂಬರ್ 21ರಂದು ಮುಂಬಯಿ ಸಹಿತ ಸಂಯುಕ್ತ ಮಹಾರಾಷ್ಟ್ರ ಬೇಕೆಂದು ಇಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 15 ಜನ ಸತ್ತರು. ಮುಂದಿನ ದಿನಗಳದೂ ಸೇರಿ ಆ ಚಳವಳಿಯಲ್ಲಿ ಮಡಿದವರು ನೂರಕ್ಕೂ ಹೆಚ್ಚು. ನಮ್ಮ ಏಕೀಕರಣದ ಬೇಡಿಕೆಯಾದರೂ ಬೇರೆಯೇನಿತ್ತು? ಭಾಷೆಗೊಂದು ರಾಜ್ಯ ಎಂಬುದೇ ತಾನೆ! 1956ರ ನವೆಂಬರ್ 1ರಂದು ನಮ್ಮದು ಕೈಗೂಡಿತು, ಮರಾಠಿಗರದು 1960ರ ಮೇ 1ರವರೆಗೆ ಕಾಯಬೇಕಾಯಿತು. ಆ ನವೆಂಬರದ ಬೆಳಿಗ್ಗೆ ಫೌಂಟನ್ನಿನಲ್ಲಿ ಟ್ರಾಮಿಳಿದ ಧಾರವಾಡದ ಗುಮಾಸ್ತನ ಮನಸ್ಸನ್ನು ಊಹಿಸಬೇಕು. ಊರು ಕನ್ನಡ ನಾಡಿಗೆ ಸೇರಿದ ಹಿಗ್ಗು ಒಂದು ಕಡೆ. ಮನೆ, ಸಂಬಳ, ಮಕ್ಕಳ ಶಾಲೆ ಎಲ್ಲ ಇರುವ ಊರಿನಲ್ಲಿ ರಾತ್ರಿ ಬೆಳಗಾಗುವುದರೊಳಗೆ ಹೊರನಾಡಿಗನಾದದ್ದು ಇನ್ನೊಂದು ಕಡೆ.

ಟ್ರಾಮು 1964ರಲ್ಲಿ ನಿಂತಿತು. ಈಚೆಗೆ ಕಾರಂಜಿಯ ದುರಸ್ತಿಗೆ ಅಗೆದಾಗ ಅದರ ಹಳಿಗಳು ಮತ್ತೆ ಕಣ್ಣಿಗೆ ಬಿದ್ದವಂತೆ. 2019ರ ಜನವರಿಯಲ್ಲಿ ದುರಸ್ತಿ ಮುಗಿದು ನೀರು ಹರಿಯಿತು. ಪಕ್ಕದಲ್ಲೇ ದೀವಟಿಗೆ ಹಿಡಿದ ರೈತ, ಕಾರ್ಮಿಕರ ಸ್ಮಾರಕ. ಚೌಕದ ಹೆಸರು ಈಗ ಹುತಾತ್ಮಾ ಚೌಕ. ನಮ್ಮ ಬಾಯಲ್ಲಿ ಮಾತ್ರ ಇನ್ನೂ ಫೌಂಟನ್.